ಟಿ. ಎಸ್. ಸತ್ಯನ್ ಮತ್ತು ಚಿತ್ರಲೇಖನದ ಕಲೆ

ಮುದ್ರಿತ ಪುಟದಲ್ಲಿ ಛಾಯಾಚಿತ್ರಕ್ಕೆ ದೊರೆಯುವ ಸ್ಥಾನವು ಸಾಮಾನ್ಯವಾಗಿ ಎರಡನೆಯದು. ಲೇಖನವು ಮೊದಲು ಸಿದ್ಧವಾಗುತ್ತದೆ. ಉಳಿದ ಜಾಗಕ್ಕೆ ಹೊಂದುವ ಚಿತ್ರವೊಂದನ್ನು ಅನಂತರ ಹುಡುಕಿ ಸೇರಿಸಲಾಗುತ್ತದೆ. ಹೀಗೆ ಸೇರಿದ ಚಿತ್ರವು ಪುಟಕ್ಕೆ ಅಲಂಕಾರವಾಗಬಹುದೇ ಹೊರತು ಅದಕ್ಕೆ ತನ್ನದೇ ಆದ ಮಾತು ಇರುವುದಿಲ್ಲ. ಆದರೆ ಛಾಯಾಗ್ರಾಹಕನು ಲೇಖಕನಂತೆಯೇ ವಿಷಯವನ್ನು ಅಭ್ಯಾಸಮಾಡಿ, ಸ್ಥಳದಲ್ಲಿ ಕೆಲಕಾಲ ನೆಲೆಸಿ, ತಾನು ಕಂಡುದನ್ನು ಕ್ರಮಬದ್ಧವಾದ ಚಿತ್ರಗಳಲ್ಲಿ ಹೇಳುವ ಪದ್ಧತಿಯೊಂದು ಇಪ್ಪತ್ತನೆಯ ಶತಮಾನದಲ್ಲಿ ಬೆಳೆದುಬಂದಿತು. ಇದನ್ನು ಕನ್ನಡದಲ್ಲಿ ಚಿತ್ರಲೇಖನವೆಂದು ಕರೆಯುವುದು ಉಚಿತ. ಇದು ಸುದ್ದಿಚಿತ್ರವಲ್ಲ, ಸುದ್ದಿಚಿತ್ರವು ಇಂದಿನ ಘಟನೆಗೆ ಕಟ್ಟುಬಿದ್ದುದು, ನಾಳೆ ಹಳತಾಗುವಂಥದು. ಸ್ಟುಡಿಯೋ ಚಿತ್ರವೂ ಅಲ್ಲ. ಅಲ್ಲಿ ಹಣ ಕೊಟ್ಟವನು ತಾನು ಹೇಗೆ ಕಾಣಬೇಕೆಂಬುದನ್ನು ತಾನೇ ನಿರ್ಧರಿಸುತ್ತಾನೆ. ಚಿತ್ರಲೇಖನಕ್ಕೆ ತೆಗೆದ ಚಿತ್ರವು ಓದುಗನಿಗೆ ಸತ್ಯವನ್ನು ತಿಳಿಸಬೇಕು. ಚಿತ್ರದೊಳಗಿರುವ ವ್ಯಕ್ತಿಗೆ ಅನ್ಯಾಯವನ್ನೂ ಮಾಡಬಾರದು. ಈ ಎರಡು ಹೊಣೆಗಳನ್ನು ಒಟ್ಟಿಗೆ ನಿರ್ವಹಿಸುವುದರಲ್ಲಿಯೇ ಅದರ ಕಲೆಯಿದೆ. ಕನ್ನಡನಾಡಿನಲ್ಲಿ ಇದನ್ನು ಜೀವಮಾನದ ಸಾಧನೆಯನ್ನಾಗಿ ಮಾಡಿಕೊಂಡವರು ಮೈಸೂರಿನ ಟಿ. ಎಸ್. ಸತ್ಯನ್ ಅವರು.

ಸತ್ಯನ್ ಅವರ ಕೆಲಸದ ಬೆಲೆಯನ್ನು ರಾಯಚೂರು ಸೀಮೆಯವರು ಅರಿಯಬೇಕಾದರೆ, ಈ ಭಾಗವನ್ನು ಹಿಂದಿನವರು ಕ್ಯಾಮರಾದ ಮೂಲಕ ಹೇಗೆ ನೋಡಿದರೆಂಬುದನ್ನು ಮೊದಲು ತಿಳಿಯುವುದೊಳ್ಳೆಯದು. ಛಾಯಾಗ್ರಹಣವು ದಖನ್ನಿಗೆ ಬಂದುದು ಬಹಳ ಬೇಗ. 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಹಾಗೂ ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಚಿತ್ರಸಂಪುಟವೊಂದು ಪ್ರಕಟವಾಯಿತು. ಪಿಗೌ, ನೀಲ್ ಮತ್ತು ಕರ್ನಲ್ ಬಿಗ್ಸ್ ಎಂಬ ಮೂವರು ತೆಗೆದ ಚಿತ್ರಗಳು ಅದರಲ್ಲಿದ್ದುವು. ಅದಕ್ಕೆ ಇತಿಹಾಸದ ಭಾಗವನ್ನು ಬರೆದವನು ಮೆಡೋಸ್ ಟೇಲರ್; ಕೃಷ್ಣೆಯ ಆಚೆ ದಡದ ಸುರಪುರ ಸಂಸ್ಥಾನದಲ್ಲಿ ಅನೇಕ ವರ್ಷ ಅಧಿಕಾರಿಯಾಗಿದ್ದವನು, ಈ ನೆಲವನ್ನು ಚೆನ್ನಾಗಿ ಬಲ್ಲವನು. ಆ ಕಾಲದ ಇಂತಹ ಚಿತ್ರಗಳಲ್ಲಿ ಗುಡಿಗಳು ಸ್ಪಷ್ಟವಾಗಿವೆ, ಕಂಬಗಳ ಕೆತ್ತನೆಯನ್ನು ಎಣಿಸಬಹುದು. ಮನುಷ್ಯರು? ಎಲ್ಲೋ ಒಂದೆಡೆ ಕಂಬದ ಪಕ್ಕದಲ್ಲಿ ಒಬ್ಬನು ನಿಂತಿರುತ್ತಾನೆ. ಕಂಬದ ಎತ್ತರವನ್ನು ತಿಳಿಸುವುದಕ್ಕಾಗಿ ಅವನನ್ನು ನಿಲ್ಲಿಸಿದುದು. ಅಳತೆಯ ಕೋಲಿಗೆ ಹೆಸರು ಬೇಕಾಗುವುದಿಲ್ಲ, ಅವನಿಗೂ ಹೆಸರಿಲ್ಲ.

ರಾಯಚೂರು 1948ರವರೆಗೆ ನಿಜಾಮರ ರಾಜ್ಯಕ್ಕೆ ಸೇರಿತ್ತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನದಯಾಳರು (1844–1905) ಜಗತ್ತಿಗೇ ಮೆಚ್ಚಿಗೆಯಾದ ಕುಶಲಿಗಳು. ಅರಮನೆಗಳು, ದರ್ಬಾರುಗಳು, ಬೇಟೆಗಳು, ವೈಸರಾಯರ ಭೇಟಿಗಳು ಅವರ ಚಿತ್ರಗಳಲ್ಲಿ ಭವ್ಯವಾಗಿ ಮೂಡಿವೆ. ಆದರೆ ಆಸ್ಥಾನದ ಛಾಯಾಗ್ರಾಹಕನ ಕಣ್ಣು ಆಸ್ಥಾನಕ್ಕೇ ಸೇರಿದ್ದು. ಇನ್ನೊಂದು ಬಗೆಯ ಚಿತ್ರಗಳು ಬರಗಾಲದವು. 1876ರಿಂದ 1878ರವರೆಗೆ, ಹಿರಿಯರು ಧಾತು ಈಶ್ವರದ ಬರವೆಂದು ಕರೆಯುತ್ತಿದ್ದ ಆ ಘೋರ ಕ್ಷಾಮದಲ್ಲಿ, ವಿಲೋಬಿ ವಾಲೇಸ್ ಹೂಪರ್ ಎಂಬ ಸೈನ್ಯಾಧಿಕಾರಿಯು ಮದರಾಸು ಪ್ರಾಂತದಲ್ಲಿ ಎಲುಬಿನ ಹಂದರವಾಗಿದ್ದ ಹೆಂಗಸರು ಮಕ್ಕಳನ್ನು ಗುಂಪುಗೂಡಿಸಿ ಕೂರಿಸಿ ಚಿತ್ರ ತೆಗೆದನು. ಆ ಚಿತ್ರಗಳು ಸಾಕ್ಷ್ಯವೆಂಬುದರಲ್ಲಿ ಸಂದೇಹವಿಲ್ಲ. ಅವಿಲ್ಲದಿದ್ದರೆ ಆ ಸಾವುಗಳು ಬರಿಯ ಅಂಕಿಗಳಾಗಿ ಉಳಿಯುತ್ತಿದ್ದುವು. ಆದರೂ ಅವುಗಳನ್ನು ನೋಡುವಾಗ ಮನಸ್ಸು ಕುಗ್ಗುವುದು ಹಸಿವಿನಿಂದ ಮಾತ್ರವಲ್ಲ, ಆ ಜೋಡಣೆಯಿಂದಲೂ. ಯಾರೋ ಅವರನ್ನು ಸಾಲಾಗಿ ಕೂರಿಸಿ, ಅಲುಗಾಡಬೇಡಿರೆಂದು ಹೇಳಿ, ಬೆಳಕು ಸರಿಯಾಗುವವರೆಗೆ ಕಾಯ್ದಿದ್ದಾರೆ. ಹೀಗೆ ಗುಡಿಯ ಪಕ್ಕದ ಅಳತೆಗೋಲು, ದೊರೆಯ ಹಿಂದಿನ ಪರಿವಾರ, ಬರಗಾಲದ ಮಾದರಿ ಎಂಬ ಮೂರು ರೂಪಗಳಲ್ಲಿಯೇ ದಖನ್ನಿನ ಸಾಮಾನ್ಯ ಮನುಷ್ಯನು ಬಹುಕಾಲ ಚಿತ್ರಗಳಲ್ಲಿ ಕಾಣಿಸಿಕೊಂಡನು.

ಸತ್ಯನ್ ಅವರು ಹುಟ್ಟಿದ್ದು 1923ರಲ್ಲಿ, ಮೈಸೂರಿನಲ್ಲಿ. ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡೆಕ್ಕನ್ ಹೆರಾಲ್ಡ್ ಪತ್ರಿಕೆಯನ್ನು ಛಾಯಾಗ್ರಾಹಕರಾಗಿ ಸೇರಿದರು. ಅನಂತರ ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿಯಲ್ಲಿ ದುಡಿದರು. ಮುಂದೆ ಯಾವ ಪತ್ರಿಕೆಯ ಸಂಬಳಕ್ಕೂ ಒಳಪಡದೆ ಸ್ವತಂತ್ರ ಛಾಯಾಗ್ರಾಹಕರಾಗಿ ಹಲವು ದಶಕಗಳನ್ನು ಕಳೆದರು. ಅವರ ಚಿತ್ರಗಳು ಅಮೆರಿಕದ ಲೈಫ್ ಪತ್ರಿಕೆಯಲ್ಲಿಯೂ ಅಚ್ಚಾದುವು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಕನ್ನಡದಲ್ಲಿ 'ಕಾಲಕ್ಕೆ ಕನ್ನಡಿ' ಎಂಬ ಆತ್ಮಕಥನವನ್ನು ಬರೆದು, 2009ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಅವರು ವೃತ್ತಿಗೆ ಇಳಿದ ಕಾಲವು ಸಚಿತ್ರ ಪತ್ರಿಕೆಗಳ ಉಚ್ಛ್ರಾಯದ ಕಾಲ. 1936ರಲ್ಲಿ ಲೈಫ್ ಪತ್ರಿಕೆಯು ಚಿತ್ರಗಳನ್ನೇ ಮುಖ್ಯವಾಗಿಸಿಕೊಂಡು ಹೊರಟ ಮೇಲೆ ಜಗತ್ತಿನೆಲ್ಲೆಡೆ ಆ ಮಾದರಿ ಹಬ್ಬಿತ್ತು. 1948ರಲ್ಲಿ ಅದೇ ಪತ್ರಿಕೆಯಲ್ಲಿ ಯೂಜೀನ್ ಸ್ಮಿತ್ ಎಂಬವರು ಹಳ್ಳಿಯ ವೈದ್ಯನೊಬ್ಬನ ದಿನಚರಿಯನ್ನು ಚಿತ್ರಗಳಲ್ಲಿಯೇ ಹೇಳಿ ಚಿತ್ರಲೇಖನಕ್ಕೆ ಹೊಸ ಮಾದರಿಯನ್ನು ಹಾಕಿಕೊಟ್ಟರು. ಕನ್ನಡದಲ್ಲಿಯೂ ಪ್ರಜಾವಾಣಿ (1948), ಸುಧಾ (1965) ಮೊದಲಾದ ಪತ್ರಿಕೆಗಳಿಂದ ಛಾಯಾಚಿತ್ರವು ಮನೆಮನೆಗೆ ತಲುಪಿತು. ಆದರೆ ಆ ಕಾಲದ ಮುದ್ರಣದ ಮಿತಿಗಳು ಕಠಿಣವಾಗಿದ್ದುವು. ಛಾಯಾಚಿತ್ರವನ್ನು ಅಚ್ಚುಮಾಡಲು ಅದನ್ನು ಸಣ್ಣಸಣ್ಣ ಚುಕ್ಕೆಗಳಾಗಿ ಒಡೆದು ಸತುವಿನ ಬ್ಲಾಕು ಮಾಡಬೇಕಾಗುತ್ತಿತ್ತು. ನುಣುಪಾದ ಆರ್ಟ್ ಕಾಗದದ ಮೇಲೆ ಅಂಗುಲಕ್ಕೆ ನೂರಿಪ್ಪತ್ತು ಸಾಲು ಚುಕ್ಕೆಗಳು ನಿಲ್ಲುತ್ತಿದ್ದರೆ, ಒರಟಾದ ವೃತ್ತಪತ್ರಿಕೆಯ ಕಾಗದದಲ್ಲಿ ಅದರ ಅರ್ಧದಷ್ಟೇ ನಿಲ್ಲುತ್ತಿದ್ದುವು. ಆದುದರಿಂದ ಚಿತ್ರವು ಗಜಿಬಿಜಿಯಾಗಿದ್ದರೆ ಪುಟದಲ್ಲಿ ಮಸಿಯ ಕಲೆಯಾಗಿ ಬರುತ್ತಿತ್ತು. ಒಂದು ಮುಖ, ಒಂದು ಕೈ, ಹಿಂದೆ ಶಾಂತವಾದ ಬಯಲು ಅಥವಾ ಗೋಡೆ ಎಂಬ ಸರಳತೆಯನ್ನು ಆ ತಲೆಮಾರಿನವರು ಕಲಿತದ್ದು ಸೌಂದರ್ಯಶಾಸ್ತ್ರದ ಗ್ರಂಥಗಳಿಂದ ಎನ್ನುವುದಕ್ಕಿಂತ ಬ್ಲಾಕು ಮಾಡುವವರ ಬೈಗುಳದಿಂದ ಎಂದರೆ ತಪ್ಪಾಗಲಾರದು.

ಸತ್ಯನ್ ಅವರ ಚಿತ್ರಗಳ ಮುಖ್ಯ ವಸ್ತು ಸಾಮಾನ್ಯರ ದಿನನಿತ್ಯದ ಬದುಕು. ಕುವೆಂಪು, ಆರ್. ಕೆ. ನಾರಾಯಣ್ ಮೊದಲಾದ ಹಿರಿಯರನ್ನೂ ಅವರು ಚಿತ್ರಿಸಿದ್ದಾರೆ. ಆದರೆ ಅವರ ಹೆಸರು ನಿಂತಿರುವುದು ಆಡುವ ಮಕ್ಕಳು, ದುಡಿಯುವ ಹೆಂಗಸರು, ಬೀದಿಯ ಬದಿಯಲ್ಲಿ ಹರಟುವ ಮುದುಕರು ಇವರ ಚಿತ್ರಗಳ ಮೇಲೆ. ಬಹುಪಾಲು ಕಪ್ಪು-ಬಿಳುಪಿನವು, ಇದ್ದ ಬೆಳಕಿನಲ್ಲಿ ತೆಗೆದವು. ಇವುಗಳಲ್ಲಿ ಯಾರೂ ಕ್ಯಾಮರಾದ ಮುಂದೆ ಸೆಟೆದು ನಿಂತಿಲ್ಲ. ಕೆಲವರು ನಮ್ಮನ್ನು ನೋಡಿ ನಗುತ್ತಾರೆ. ಆ ನಗೆಯು ಅಪರಿಚಿತನೆದುರಿನ ಸಂಕೋಚದ ನಗೆಯಲ್ಲ.

ಈ ಸಹಜತೆಯು ಆಕಸ್ಮಿಕವಾಗಿ ಒದಗುವಂಥದಲ್ಲ. ಹಳ್ಳಿಯೊಂದಕ್ಕೆ ಕ್ಯಾಮರಾ ಹಿಡಿದವನು ಕಾಲಿಟ್ಟರೆ ಮೊದಲ ಅರ್ಧ ಗಂಟೆಯಲ್ಲಿ ಆಗುವುದೇನೆಂಬುದು ಎಲ್ಲರಿಗೂ ಗೊತ್ತು. ಮಕ್ಕಳು ಮುತ್ತಿಕೊಳ್ಳುತ್ತಾರೆ, ಹಿರಿಯರು ರುಮಾಲು ಸರಿಪಡಿಸಿಕೊಳ್ಳುತ್ತಾರೆ, ಹೆಂಗಸರು ಸೆರಗೆಳೆದು ಒಳಗೆ ಹೋಗುತ್ತಾರೆ. ಆಗ ತೆಗೆದ ಚಿತ್ರವು ಹಳ್ಳಿಯ ಚಿತ್ರವಲ್ಲ. ಕ್ಯಾಮರಾ ಬಂದ ಸುದ್ದಿಯ ಚಿತ್ರ. ಅನುಭವಿಯಾದ ಛಾಯಾಗ್ರಾಹಕನು ಆ ಹೊತ್ತನ್ನು ಮಾತಿನಲ್ಲಿ ಕಳೆಯುತ್ತಾನೆ. ಮಳೆ, ಬೆಳೆ, ಮನೆಯ ಮಂದಿ, ಶಾಲೆ ಹೀಗೆ ಮಾತು ಬೆಳೆಯುತ್ತದೆ. ಮಕ್ಕಳು ಬೇಸರಗೊಂಡು ತಮ್ಮ ಆಟಕ್ಕೆ ಹಿಂದಿರುಗುತ್ತಾರೆ; ನಿಂತ ಕೆಲಸವು ಮತ್ತೆ ಸಾಗುತ್ತದೆ. ಅಲ್ಲಿಂದ ಅವನ ಕೆಲಸ ಆರಂಭ. ಈ ಕಾಯುವಿಕೆಯು ವಂಚನೆಯಲ್ಲವೇ, ಮರೆತಾಗ ಕದ್ದು ತೆಗೆದಂತಾಗಲಿಲ್ಲವೇ ಎಂದು ಆಕ್ಷೇಪಿಸುವವರುಂಟು. ಕದಿಯುವವನು ದೂರದಿಂದ ಉದ್ದನೆಯ ಲೆನ್ಸಿನಲ್ಲಿ ತೆಗೆದು ಹೋಗುತ್ತಾನೆ. ಹತ್ತಿರ ಕುಳಿತು ಮಾತನಾಡಿದವನನ್ನು ಅಲ್ಲಿಯವರು ಅರಿತೇ ಬಿಟ್ಟಿರುತ್ತಾರೆ; ಬೇಡವೆಂದರೆ ಬೇಡವೆನ್ನಲು ಅವರಿಗೆ ಎಡೆಯಿರುತ್ತದೆ.

ಆ ಕಾಲದ ಉಪಕರಣವೂ ಇದಕ್ಕೆ ಸ್ವಲ್ಪ ಸಹಾಯಕವಾಗಿತ್ತು. ಐವತ್ತರ ದಶಕದ ಪತ್ರಿಕಾ ಛಾಯಾಗ್ರಾಹಕರ ಕೊರಳಲ್ಲಿ ಸಾಮಾನ್ಯವಾಗಿ ತೂಗುತ್ತಿದ್ದುದು ರೋಲಿಫ್ಲೆಕ್ಸ್ ಮಾದರಿಯ ಎರಡು ಕಣ್ಣಿನ ಕ್ಯಾಮರಾ. ಅದನ್ನು ಎದೆ ಅಥವಾ ಹೊಟ್ಟೆಯ ಮಟ್ಟದಲ್ಲಿ ಹಿಡಿದು, ಮೇಲಿನ ಗಾಜಿನಲ್ಲಿ ಬಿಂಬವನ್ನು ತಲೆ ತಗ್ಗಿಸಿ ನೋಡಬೇಕು. ಎದುರಿನವನ ಮುಖಕ್ಕೆ ಯಂತ್ರವನ್ನು ಗುರಿಯಿಟ್ಟಂತಾಗದೆ, ಛಾಯಾಗ್ರಾಹಕನೇ ಬಾಗಿದಂತೆ ಕಾಣುತ್ತದೆ. ಮಗುವಿನ ಕಣ್ಣಿನ ಮಟ್ಟವೂ ಹೆಚ್ಚು ಕಡಿಮೆ ಅದೇ. ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ಹದಿಮೂರನೆಯದು ಬೇಕೆಂದರೆ ಸುರುಳಿಯನ್ನು ಬದಲಾಯಿಸಬೇಕು. ಆದುದರಿಂದ ಒತ್ತುವ ಮೊದಲು ನೋಡುವ ಅಭ್ಯಾಸವು ತಾನಾಗಿ ಬೆಳೆಯುತ್ತಿತ್ತು. ಮೂವತ್ತಾರು ಚಿತ್ರಗಳ ಸಣ್ಣ ಕ್ಯಾಮರಾ ಬಂದ ಮೇಲೆ ವೇಗ ಹೆಚ್ಚಿತು. ಇಂದು ಎಲ್ಲರ ಜೇಬಿನ ಮೊಬೈಲಿನಲ್ಲಿ ಲೆಕ್ಕವೇ ಇಲ್ಲ. ಲೆಕ್ಕವಿಲ್ಲದುದಕ್ಕೆ ಆಯ್ಕೆಯೂ ಇಲ್ಲದಂತಾಗಿದೆ.

ಸತ್ಯನ್ ಅವರ ದೃಷ್ಟಿಯ ನಿಜವಾದ ಪರೀಕ್ಷೆ ನಡೆದುದು ಸಿಡುಬು ನಿರ್ಮೂಲನದ ಕಾರ್ಯದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಆ ಆಂದೋಲನವನ್ನು ಚಿತ್ರಿಸಿದರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡುಬಂದುದು 1975ರಲ್ಲಿ. ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಿದುದು 1980ರಲ್ಲಿ. ಅದಕ್ಕೆ ಮೊದಲು ಸಹಸ್ರಾರು ಕಾರ್ಯಕರ್ತರು ಮನೆಮನೆಗೆ ತಿರುಗಿ ರೋಗವನ್ನು ಹುಡುಕಿದರು. ಅವರ ಕೈಯಲ್ಲಿ ಒಂದು ಗುರುತಿನ ಕಾರ್ಡು ಇರುತ್ತಿತ್ತು. ಅದರ ಮೇಲೆ ಸಿಡುಬಿನ ಗುಳ್ಳೆಗಳಿಂದ ಮುಚ್ಚಿಹೋದ ಮಗುವೊಂದರ ಬಣ್ಣದ ಛಾಯಾಚಿತ್ರ. ಅದನ್ನು ತೋರಿಸಿ, ಇಂಥದು ನಿಮ್ಮ ಓಣಿಯಲ್ಲಿ ಎಲ್ಲಿಯಾದರೂ ಉಂಟೇ ಎಂದು ಕೇಳುತ್ತಿದ್ದರು. ಅಕ್ಷರ ಬಾರದವರಿಗೂ ಅದು ತಿಳಿಯುತ್ತಿತ್ತು. ಛಾಯಾಚಿತ್ರವೊಂದು ಇಷ್ಟು ನೇರವಾಗಿ ಪ್ರಾಣ ಉಳಿಸಿದ ನಿದರ್ಶನಗಳು ಹೆಚ್ಚು ಸಿಗಲಾರವು.

ಕಾರ್ಡಿನ ಮೇಲಿದ್ದ ಆ ಚಿತ್ರಕ್ಕೆ ಬೇಕಾದುದು ರೋಗ. ಮಗು ಯಾರಾದರೂ ಆಗಬಹುದಿತ್ತು. ಅದರ ಉದ್ದೇಶಕ್ಕೆ ಅದೇ ಸರಿ. ಚಿತ್ರಲೇಖನ ಮಾಡುವವನ ಕೆಲಸ ಇದಕ್ಕೆ ತಿರುವುಮುರುವಾದುದು. ಅವನಿಗೆ ಬೇಕಾದುದು ಮಗು. ರೋಗವು ಆ ಮಗುವಿಗೆ ಬಂದೊದಗಿದ ಸಂಕಟ. ಚುಚ್ಚಿಸಿಕೊಳ್ಳಲು ಹೆದರಿ ತಾಯಿಯ ಸೀರೆಯೊಳಗೆ ಮುಖ ಅಡಗಿಸುವ ಹುಡುಗ, ಎರಡು ಮೊನೆಯ ಸೂಜಿ ಹಿಡಿದು ಬಾಗಿದ ಕಾರ್ಯಕರ್ತೆ, ನೋಡುತ್ತ ನಿಂತ ಅಜ್ಜಿ ಇವರೆಲ್ಲರೂ ಚಿತ್ರದೊಳಗೆ ಬಂದಾಗ ಓದುಗನು ಅಯ್ಯೋ ಎಂದು ಪುಟ ತಿರುವಿಹಾಕುವುದಿಲ್ಲ; ಇವರು ತನ್ನಂಥವರೇ ಎಂದು ಅವನಿಗೆ ಅರಿವಾಗುತ್ತದೆ. ಹೂಪರನ ಬರಗಾಲದ ಚಿತ್ರಗಳಿಗೂ ಈ ರೀತಿಗೂ ನಡುವಿನ ಅಂತರವು ನೂರು ವರ್ಷಗಳದು ಮಾತ್ರವಲ್ಲ.

1979ನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಮಕ್ಕಳ ವರ್ಷವೆಂದು ಆಚರಿಸಿತು. ಆ ಸಂದರ್ಭದಲ್ಲಿ ಯುನಿಸೆಫ್ ಸಂಸ್ಥೆಯ ಆಶ್ರಯದಲ್ಲಿ ಸತ್ಯನ್ ಅವರು ತೆಗೆದ ಭಾರತದ ಮಕ್ಕಳ ಚಿತ್ರಗಳ ಪ್ರದರ್ಶನವು ನ್ಯೂಯಾರ್ಕಿನಲ್ಲಿರುವ ವಿಶ್ವಸಂಸ್ಥೆಯ ಕೇಂದ್ರದಲ್ಲಿ ನಡೆಯಿತು. ಭಾರತದ ಮಗುವೆಂದರೆ ಭಿಕ್ಷಾಪಾತ್ರೆ ಹಿಡಿದ ಮಗುವೆಂದು ನಂಬಿದ್ದವರ ನಡುವೆ ಆಡುವ, ಓದುವ, ತುಂಟತನ ಮಾಡುವ ಮಕ್ಕಳ ಚಿತ್ರಗಳನ್ನಿಡುವುದು ಸಣ್ಣ ಮಾತಲ್ಲ. ಆದರೂ ಇಲ್ಲಿ ಒಂದು ಪ್ರಶ್ನೆಯನ್ನು ಬದಿಗೊತ್ತಬಾರದು. ಬಡವರ ನಗೆಯನ್ನೇ ತೋರಿಸುತ್ತ ಹೋದರೆ ಬಡತನದ ಕಾಠಿಣ್ಯ ಮರೆಯಾಗುವುದಿಲ್ಲವೇ? ಈ ಆಕ್ಷೇಪದಲ್ಲಿ ಹುರುಳಿದೆ. ಸೌಮ್ಯವಾದ ಕಣ್ಣಿಗೆ ಕೋಪವು ಸುಲಭವಾಗಿ ಕಾಣುವುದಿಲ್ಲ. ಸತ್ಯನ್ ಅವರ ಚಿತ್ರಗಳಲ್ಲಿ ಕೋಪ ಕಡಿಮೆ. ಜೀತ, ಅಸ್ಪೃಶ್ಯತೆ, ಗುಳೆ ಹೋಗುವ ಕುಟುಂಬದ ಬವಣೆ ಇಂತಹ ವಿಷಯಗಳಿಗೆ ಬೇರೊಂದು ಬಗೆಯ ಕಣ್ಣೂ ಬೇಕಾದೀತು. ಆದರೆ ಆ ಕಣ್ಣಿಗೂ ಅವರ ಮೊದಲ ಪಾಠವೇ ತಳಹದಿ: ದುಃಖದಲ್ಲಿರುವವನು ದುಃಖದ ಉದಾಹರಣೆಯಾಗಿ ಕುಳಿತಿರುವುದಿಲ್ಲ.

ಈ ರೀತಿಯನ್ನು ನಮ್ಮ ನೆಲಕ್ಕೆ ಅನ್ವಯಿಸಿ ನೋಡಬಹುದು. ದೇವದುರ್ಗ ತಾಲ್ಲೂಕಿನ ಗೂಗಲ್ ಗ್ರಾಮವನ್ನೇ ತೆಗೆದುಕೊಳ್ಳಿರಿ. ಅದರ ಹೆಸರಿನ ಸಾಮ್ಯದಿಂದಾಗಿ ಇತ್ತೀಚಿನ ವರ್ಷಗಳಲ್ಲಿ ಅದು ವಿನೋದದ ವಸ್ತುವಾಗಿದೆ. ಗಣಕಯಂತ್ರದಲ್ಲಿ ಊರಿನ ಹೆಸರು ಬರೆದರೆ ಊರು ಬರುವುದಿಲ್ಲ, ಅಮೆರಿಕದ ಕಂಪನಿ ಬರುತ್ತದೆ. ಊರಿನ ನಿಜವಾದ ಹಿರಿಮೆ ಬೇರೆ. ಕೃಷ್ಣಾ ನದಿಯ ದಡದಲ್ಲಿರುವ ಈ ಊರು ಅಲ್ಲಮಪ್ರಭುಗಳ ನೆನಪಿನ ಕ್ಷೇತ್ರ. ಗುಹೇಶ್ವರ ಎಂಬ ಅಂಕಿತದಲ್ಲಿ ನುಡಿದು, ಕಣ್ಣಿಗೆ ಕಾಣುವ ಕುರುಹನ್ನೇ ಪ್ರಶ್ನಿಸಿದ ಅನುಭಾವಿಯ ಕ್ಷೇತ್ರವನ್ನು ಕುರುಹುಗಳ ಮೂಲಕವೇ ಮಾತನಾಡಬೇಕಾದ ಛಾಯಾಗ್ರಾಹಕನು ಹೇಗೆ ಚಿತ್ರಿಸಬೇಕು?

ಸಾಮಾನ್ಯ ರೂಢಿಯಂತೆ ಗುಡಿಯ ಮುಂಭಾಗದ ಒಂದು ಚಿತ್ರ, ನದಿಗೆ ಕಟ್ಟಿದ ಬ್ಯಾರೇಜಿನ ಒಂದು ಚಿತ್ರ, ಜಾತ್ರೆಯ ಜನಸಂದಣಿಯ ಒಂದು ಚಿತ್ರ. ಇಷ್ಟಕ್ಕೆ ಲೇಖನ ಮುಗಿಯುತ್ತದೆ. ಇವು ಮೂರೂ ಸುಳ್ಳಲ್ಲ. ಆದರೆ ನದಿ ಊರಿಗೆ ಏನೆಂಬುದನ್ನು ಇವು ಹೇಳಲಾರವು. ಚಿತ್ರಲೇಖನಕಾರನು ಮೊದಲು ಕೇಳುವ ಪ್ರಶ್ನೆ: ಬೆಳಗಿನ ಜಾವ ನದಿಗೆ ಮೊದಲು ಬರುವವರು ಯಾರು? ಅವರ ಹಿಂದೆ ಅವನೂ ಹೋಗುತ್ತಾನೆ. ನೀರು ತುಂಬುವವರು, ಬಟ್ಟೆ ಒಗೆಯುವವರು, ಮೀನಿನ ಬಲೆ ಬಿಡಿಸುವವರು, ದನ ಮೈತೊಳೆಯುವವರು ಇವರ ಮೂಲಕ ನದಿಯು ಕಾಣಿಸಿಕೊಳ್ಳುತ್ತದೆ. ದಡದ ಒಡೆದ ಕಪ್ಪು ಮಣ್ಣು, ಸವೆದ ಮೆಟ್ಟಿಲು, ಹರಿಗೋಲಿನ ಅಂಚು ಇಂತಹ ಸಣ್ಣ ವಿವರದ ಚಿತ್ರಗಳು ದೊಡ್ಡ ದೃಶ್ಯದ ನಡುವೆ ಉಸಿರಾಟಕ್ಕೆ ಎಡೆಕೊಡುತ್ತವೆ. ಪ್ರವಾಹದ ವರ್ಷಗಳನ್ನು ಕಂಡ ಮುದುಕನೊಬ್ಬನು ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸಿದರೆ, ಆ ಕೈಯ ಚಿತ್ರವೇ ಪ್ರವಾಹದ ಚಿತ್ರ. ಗುಡಿಯ ವಿಷಯದಲ್ಲಿಯೂ ಹಾಗೆಯೇ: ಒಳಗಿನ ಕತ್ತಲಿನಿಂದ ಹೊರಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡುವ ಭಕ್ತನ ಮುಖದಲ್ಲಿ ಗುಹೆಯಿದೆ.

ರಾಯಚೂರಿನ ಬಿಸಿಲು ಇಲ್ಲಿ ದೊಡ್ಡ ತೊಡಕು. ಬೇಸಗೆಯ ನಡುಹಗಲಿನಲ್ಲಿ ನೆರಳು ನೇರ ಕೆಳಗೆ ಬಿದ್ದು ಕಣ್ಣುಗಳು ಕುಳಿಗಳಂತೆ ಕಾಣುತ್ತವೆ. ಬಿಳಿಯ ಧೋತರ, ಬಿಳಿಯ ರುಮಾಲು, ಕಪ್ಪು ಮೈಬಣ್ಣ ಒಂದೇ ಚೌಕಟ್ಟಿನಲ್ಲಿದ್ದಾಗ ಬೆಳಕಿನ ಮಾಪಕವು ಬಟ್ಟೆಯ ಹೊಳಪಿಗೆ ಮೋಸಹೋಗುತ್ತದೆ. ಬಟ್ಟೆಯ ಮಡಿಕೆಗಳು ಸ್ಪಷ್ಟವಾಗಿ, ಮುಖವು ಮಸಿಯಾಗಿ ಬರುತ್ತದೆ. ಮಾಪಕವನ್ನು ಮುಖದ ಹತ್ತಿರ ಹಿಡಿದು, ಮುಖಕ್ಕೆ ತಕ್ಕಷ್ಟು ಬೆಳಕು ಕೊಟ್ಟರೆ ಬಟ್ಟೆಯು ಸ್ವಲ್ಪ ಬೆಳ್ಳಗೆ ಕರಗಬಹುದು. ಕರಗಲಿ. ಎಷ್ಟೋ ಸಮಾರಂಭದ ಚಿತ್ರಗಳಲ್ಲಿ ರೈತನ ಮುಖ ಗುರುತು ಸಿಗದೆ ಅವನ ಕೊರಳಿನ ಶಾಲು ಮಾತ್ರ ಹೊಳೆಯುವುದಕ್ಕೆ ಈ ಒಂದು ನಿರ್ಲಕ್ಷ್ಯವೇ ಕಾರಣ. ಮುಂಜಾನೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಕೆಲಸ ಮಾಡುವುದು, ನಡುಹಗಲಲ್ಲಿ ಜಗುಲಿಯ, ಬೇವಿನ ಮರದ ನೆರಳಿನಲ್ಲಿ ಕೂರುವುದು ಇದಕ್ಕೆ ಪರಿಹಾರ. ಊರಿನವರೂ ಮಾಡುವುದು ಅದನ್ನೇ. ಆದುದರಿಂದ ಅವರ ಮಾತು ಸಿಗುವುದೂ ಅಲ್ಲಿಯೇ.

ತೆಗೆದ ನೂರು ಚಿತ್ರಗಳಲ್ಲಿ ಪುಟಕ್ಕೆ ಬರುವವು ಆರೋ ಎಂಟೋ. ಆ ಆಯ್ಕೆಯು ಸಂಪಾದಕನ ಹೊಣೆ, ಮತ್ತು ಅಲ್ಲಿಯೇ ಬಹಳಷ್ಟು ಕೆಡುತ್ತದೆ. ಜಾಗ ಸಾಲದೆಂದು ಚಿತ್ರದ ಅಂಚನ್ನು ಕತ್ತರಿಸುವಾಗ ಅಂಚಿನಲ್ಲಿದ್ದವನು ಹೊರಟುಹೋಗುತ್ತಾನೆ. ಕೆಲವೊಮ್ಮೆ ಅವನ ಕೈ ಮಾತ್ರ ಪಕ್ಕದವನ ಹೆಗಲ ಮೇಲೆ ಉಳಿದಿರುತ್ತದೆ.

ವಿದ್ಯಾಸಂಸ್ಥೆಗಳ ಸ್ಮರಣ ಸಂಪುಟಗಳಿಗೂ ಈ ವಿಚಾರವು ಹೊರತಲ್ಲ. ಇಂತಹ ಸಂಪುಟಗಳಲ್ಲಿ ಪೂಜ್ಯರ ಸಾನ್ನಿಧ್ಯದ ಸಮಾರಂಭ, ಕಟ್ಟಡದ ಉದ್ಘಾಟನೆ, ದಾನಿಗಳ ಸನ್ಮಾನ ಇವುಗಳ ಚಿತ್ರಗಳಿರುವುದು ಯೋಗ್ಯವೇ. ಕೊಟ್ಟವರ ನೆನಪು ಉಳಿಯಬೇಕು. ಆದರೆ ಹಾರ ಹಾಕುವ ಚಿತ್ರವು ಎಲ್ಲ ಸಂಸ್ಥೆಗಳಲ್ಲಿಯೂ ಒಂದೇ ತೆರನಾಗಿರುತ್ತದೆ. ಈ ಶಾಲೆಯು ಇದೇ ಶಾಲೆ ಎಂದು ಹೇಳುವ ಚಿತ್ರ ಬೇರೆಲ್ಲೋ ಇರುತ್ತದೆ: ದಾಸೋಹದ ಒಲೆಯ ಮುಂದೆ ನಾಲ್ಕು ಗಂಟೆಗೆ ಎದ್ದು ರೊಟ್ಟಿ ತಟ್ಟುವವರ ಬಳಿ, ಮೊದಲ ದಿನ ಟ್ರಂಕು ಹಿಡಿದು ಬಾಗಿಲಲ್ಲಿ ನಿಂತ ಹುಡುಗನ ಬಳಿ, ಅವನನ್ನು ಬಿಟ್ಟುಹೋಗುವ ತಂದೆಯ ಬೆನ್ನಿನಲ್ಲಿ. ತುಮಕೂರಿನ ಸಿದ್ಧಗಂಗೆಯ ಹೆಸರೆತ್ತಿದೊಡನೆ ಜನರ ಕಣ್ಣಿಗೆ ಕಟ್ಟುವುದು ಕಟ್ಟಡವಲ್ಲ, ಸಾಲಾಗಿ ಕುಳಿತು ಉಣ್ಣುವ ಮಕ್ಕಳು. ತಾನು ಕೊಟ್ಟ ಜೋಳದ ಚೀಲವು ಎಲ್ಲಿಗೆ ಹೋಯಿತೆಂಬುದನ್ನು ದಾನಿಗೆ ತಿಳಿಸುವುದೂ ಅಂತಹ ಚಿತ್ರವೇ.

ಇನ್ನು ಗುಂಪುಚಿತ್ರಗಳು. ಹಳೆಯ ಸಂಪುಟಗಳನ್ನು ತಿರುವಿದರೆ ಅಡಿಬರಹದಲ್ಲಿ ಕುರ್ಚಿಯ ಮೇಲೆ ಕುಳಿತವರ ಹೆಸರುಗಳು ಎಡದಿಂದ ಬಲಕ್ಕೆ ಕ್ರಮವಾಗಿರುತ್ತವೆ. ನಿಂತವರು 'ವಿದ್ಯಾರ್ಥಿಗಳು', ಕೊನೆಯ ಸಾಲಿನ ತುದಿಯಲ್ಲಿರುವ ಗಂಟೆ ಬಾರಿಸುವವನು, ಅಡಿಗೆಯವನು 'ಮತ್ತಿತರರು'. 1866ರ ಸಂಪುಟದಲ್ಲಿ ಕಂಬದ ಪಕ್ಕ ನಿಂತವನ ಸ್ಥಿತಿಗಿಂತ ಇದು ಬಹಳ ಮುಂದುವರಿದುದೆಂದು ಹೇಳುವಂತಿಲ್ಲ. ಹೆಸರುಗಳನ್ನು ಚಿತ್ರ ತೆಗೆದ ದಿನವೇ ಬರೆದುಕೊಳ್ಳಬೇಕು. ಹತ್ತು ವರ್ಷಗಳ ಮೇಲೆ ಹೇಳಬಲ್ಲವರು ಸಿಗುವುದಿಲ್ಲ. ಕಾಗದದ ಪ್ರತಿಯಾದರೆ ಅದರ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ಅಂಚಿನಲ್ಲಿ ಹೆಸರು, ಊರು, ವರ್ಷಗಳನ್ನು ಬರೆಯಬೇಕು. ಬಾಲ್‌ಪೆನ್ನಿನ ಗೀರು ಮುಂಬದಿಗೆ ಎದ್ದು ಬರುತ್ತದೆ, ಶಾಯಿಯು ಪಕ್ಕದ ಚಿತ್ರಕ್ಕೆ ಅಂಟುತ್ತದೆ. ಮೊಬೈಲಿನ ಚಿತ್ರವಾದರೆ ಒಂದು ದಪ್ಪ ನೋಟುಬುಕ್ಕಿನಲ್ಲಿ ಚಿತ್ರದ ಸಂಖ್ಯೆಯನ್ನು ಹಾಕಿ ಅದರೆದುರಿಗೆ ಹೆಸರುಗಳನ್ನು ಬರೆಯಬಹುದು, ಹಿಂದಿನ ಸಾಲಿನಿಂದ ಆರಂಭಿಸಿ.